ಬೆನ್ನಿನ ಸೂಜಿ, ಕೂಸಿನ ಗುಂಗು ಮತ್ತು ಚೀಟಿಯಲ್ಲಿ ಬರೆಯದ ಇಂಜೆಕ್ಷನ್

ಬೀದರ್ ಭಾಗದ ಹೆರಿಗೆ ವಾರ್ಡುಗಳ ಹೊರಗೆ ಕೂತ ಹೆಣ್ಣುಮಕ್ಕಳ ಬಾಯಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಬೆನ್ನಿಗಿ ಸೂಜಿ ಹಾಕ್ಯಾರ, ಇನ್ನ ಜಲ್ಮ ಪೂರ್ತಿ ಟೊಂಕ ನೋವು ತಪ್ಪಲ್ಲ’ ಎಂಬುದು ಒಂದು. ‘ಆ ಸೂಜಿ ಗುಂಗು ಕೂಸಿಗೂ ಹತ್ಯದ, ಅದಕ್ಕೇ ಮಲಿ ಹಿಡೀವಲ್ದು’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಧಾರವಿಲ್ಲ. ಚುಚ್ಚಿದ ಜಾಗ ನಾಲ್ಕು ದಿನ ನೋಯಬಹುದು, ಅಷ್ಟೆ. ತಿಂಗಳುಗಟ್ಟಲೆ ಕಾಡುವ ಟೊಂಕ ನೋವು ಸಹಜ ಹೆರಿಗೆ ಆದವರನ್ನೂ ಬಿಡುವುದಿಲ್ಲ. ಬಸುರಿನ ಭಾರ, ಸಡಿಲಗೊಂಡ ಕೀಲು, ಬಗ್ಗಿ ಕೂತು ಹಾಲೂಡಿಸುವ ರೂಢಿ ಅದರ ಮೂಲ. ಎರಡನೆಯ ಮಾತನ್ನು ಮಾತ್ರ ಹಾಗೆ ತಳ್ಳಿಹಾಕಲು ಬರುವುದಿಲ್ಲ. ಅದು ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಾದ ಅರ್ಧಕ್ಕೆ ಹೆದರುತ್ತೇವೆ, ನಿಜವಾದ ಅರ್ಧದ ಸುದ್ದಿಯನ್ನೇ ಎತ್ತುವುದಿಲ್ಲ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5ರಷ್ಟು ಸಿಜೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 23.6 ಇತ್ತು. ದೇಶದ ಸರಾಸರಿ ಶೇ 21.5, ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಶೇ 47.4. ಇಷ್ಟೊಂದು ಹೊಟ್ಟೆ ಕೊಯ್ಯಬೇಕೇ ಎಂಬುದು ಬೇರೆಯೇ ಜಗಳ, ಅದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ. ಇವತ್ತಿನ ವಿಷಯ ಕೊಯ್ಯುವ ಮುಂಚೆ ಕೊಡುವ ಮದ್ದು. ಕರ್ನಾಟಕದಲ್ಲಿ ಮೂರರಲ್ಲಿ ಒಬ್ಬ ತಾಯಿಯ ಹತ್ತಿರಹತ್ತಿರಕ್ಕೆ ಬಂದಿರುವ ಈ ಮದ್ದಿನ ಬಗ್ಗೆ ಮನೆಯವರಿಗೆ ಯಾರೂ ಕೂತು ಹೇಳುವುದಿಲ್ಲ. ಸಹಿ ಹಾಕಿಸಿಕೊಳ್ಳುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ.

ಆ ಮದ್ದಿನಲ್ಲಿ ಬಹಳ ಸಲ ತುಸು ಒಪಿಯಾಯ್ಡ್ ಇರುತ್ತದೆ. ಒಪಿಯಾಯ್ಡ್ ಎಂದರೆ ಅಫೀಮಿನ ಮನೆತನದ ಮದ್ದುಗಳು. ಗಸಗಸೆ ಕಾಯಿಯ ಹಾಲಿನಿಂದ ಬರುವ ಮಾರ್ಫಿನ್ ಈ ಮನೆಯ ಹಿರಿಯ. ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧಿಕಾರ 19ನೇ ಶತಮಾನದ ಮೊದಲ ದಶಕದಲ್ಲಿ ಅದನ್ನು ಬೇರ್ಪಡಿಸಿದ. ಪೆಥಿಡಿನ್, ಫೆಂಟಾನಿಲ್, ಟ್ರಾಮಡಾಲ್ ಕಾರ್ಖಾನೆಯಲ್ಲಿ ಹುಟ್ಟಿದವು. ನಮ್ಮ ದವಾಖಾನೆಗಳಲ್ಲಿ ‘ಫೋರ್ಟ್‌ವಿನ್’ ಎಂದು ಹೆಸರಾದ ಪೆಂಟಾಝೋಸಿನ್ ಕೂಡ ಇದೇ ಮನೆಯದು. ಇವೆಲ್ಲ ನೋವನ್ನು ಇಳಿಸುತ್ತವೆ, ಜೊತೆಗೆ ಉಸಿರಾಟವನ್ನೂ ನಿಧಾನಿಸುತ್ತವೆ. ದೊಡ್ಡವರ ಉಸಿರು ನಿಧಾನವಾದರೆ ತಟ್ಟಿ ಎಬ್ಬಿಸಬಹುದು. ಮೊದಲ ಉಸಿರನ್ನೇ ಇನ್ನೂ ಎಳೆದುಕೊಳ್ಳಬೇಕಾದ ಕೂಸಿನ ಕಥೆ ಬೇರೆ. ಹಾಗಾಗಿ ಹೆಣ್ಣುಮಕ್ಕಳ ಅಂಜಿಕೆ ಬುಡವಿಲ್ಲದ್ದೇನಲ್ಲ.

ಅಫೀಮಿಗೂ ಕೂಸಿಗೂ ನಂಟು ನಮ್ಮಲ್ಲಿ ಹೊಸದೂ ಅಲ್ಲ. 1920ರ ದಶಕದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಹಸುಗೂಸಿಗೆ ಅಫೀಮಿನ ‘ಬಾಲಗೋಲಿ’ ತಿನ್ನಿಸಿ ಮಲಗಿಸಿ ಹೋಗುತ್ತಿದ್ದುದನ್ನು ಅಂದಿನ ಸರ್ಕಾರಿ ವರದಿಗಳೇ ದಾಖಲಿಸಿವೆ. ದಿನವಿಡೀ ದುಡಿಮೆ, ಕೂಸು ನೋಡಿಕೊಳ್ಳಲು ಯಾರೂ ಇಲ್ಲ, ಮತ್ತೇನು ಮಾಡಿಯಾರು?

ಈಗ ಆಪರೇಷನ್ ಕೋಣೆಯ ಒಳಗೆ ಹೋಗೋಣ. ಗರ್ಭಿಣಿಯನ್ನು ಟೇಬಲ್ಲಿನ ಮೇಲೆ ಕೂರಿಸಿ, ಗದ್ದ ಎದೆಗೆ ತಾಗುವಂತೆ ಬಗ್ಗಿಸಿ, ಬೆನ್ನು ಹೊರಕ್ಕೆ ಉಬ್ಬಿಸಲು ಹೇಳುತ್ತಾರೆ. ತುಂಬಿದ ಹೊಟ್ಟೆ ಹೊತ್ತವಳಿಗೆ ಅದು ಸುಲಭದ ಕೆಲಸವಲ್ಲ. ಒಬ್ಬ ಸಿಸ್ಟರ್ ಮುಂದೆ ನಿಂತು ಹೆಗಲು ಹಿಡಿದುಕೊಳ್ಳುತ್ತಾರೆ. ಅರಿವಳಿಕೆ ವೈದ್ಯರು ಸೊಂಟದ ಎಲುಬಿನ ಮಟ್ಟದಲ್ಲಿ ಬೆರಳಾಡಿಸಿ, ಮೂರನೇ ಮತ್ತು ನಾಲ್ಕನೇ ಸೊಂಟದ ಮಣಿಗಳ ನಡುವಿನ ಸಂದು ಹುಡುಕುತ್ತಾರೆ. ಬೆನ್ನುಹುರಿ ಅದಕ್ಕೂ ಮೇಲೆಯೇ ಮುಗಿದಿರುತ್ತದೆ, ಕೆಳಗಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು. ಬಹಳ ತೆಳ್ಳನೆಯ ಸೂಜಿ ಒಳಗೆ ಹೋಗಿ, ಹಿಂಬದಿಯಿಂದ ತಿಳಿನೀರಿನಂಥ ದ್ರವ ಹನಿಯತೊಡಗಿದರೆ ಜಾಗ ಸರಿಯಿದೆ ಎಂದರ್ಥ. ಆಮೇಲೆ ಎರಡು ಮಿಲಿಲೀಟರಿನ ಆಸುಪಾಸು ಬುಪಿವಕೈನ್. ಇದು ಅಫೀಮಿನ ಮನೆಯದಲ್ಲ, ನರವನ್ನು ಜೋಮು ಹಿಡಿಸುವ ಮದ್ದು. ಅದರ ಜೊತೆಗೆ ಬಹಳ ಕಡೆ ತುಸು ಫೆಂಟಾನಿಲ್ ಸೇರಿಸುತ್ತಾರೆ. ಎರಡು ಮಿಲಿಲೀಟರಿನ ಫೆಂಟಾನಿಲ್ ಆಂಪ್ಯೂಲಿನಲ್ಲಿ 100 ಮೈಕ್ರೊಗ್ರಾಂ ಇರುತ್ತದೆ. ಬೆನ್ನಿಗೆ ಹೋಗುವುದು 10ರಿಂದ 25 ಮೈಕ್ರೊಗ್ರಾಂ, ಅಂದರೆ ಅರ್ಧ ಮಿಲಿಲೀಟರಿಗೂ ಮೀರದಷ್ಟು. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಸಿರಿಂಜಿನಲ್ಲಿ ಅಳೆಯುವಷ್ಟು ಚಿಕ್ಕ ಪ್ರಮಾಣ ಅದು.

ಕೂಡಲೇ ಮಲಗಿಸಿ, ಬಲ ಪಿರ್ರೆಯ ಕೆಳಗೊಂದು ದಿಂಬು ಕೊಟ್ಟು ಎಡಕ್ಕೆ ವಾಲಿಸುತ್ತಾರೆ, ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಿರಲೆಂದು. ಸ್ಪಿರಿಟ್ ಹತ್ತಿಯನ್ನು ಹೊಟ್ಟೆಯ ಮೇಲೆ ಒರೆಸುತ್ತ ‘ತಣ್ಣಗ ಹತ್ತತದೇನವ್ವಾ?’ ಎಂದು ಕೇಳುತ್ತ ಎದೆಯ ಮಟ್ಟದವರೆಗೆ ಬರುತ್ತಾರೆ. ತಂಪು ಗೊತ್ತಾಗಲಿಲ್ಲ ಎಂದರೆ ಸರ್ಜನ್ನರಿಗೆ ಸನ್ನೆ. ಆ ಹೊತ್ತಿನಲ್ಲಿ ಅಪಾಯವೊಂದಿದ್ದರೆ ಅದು ಬಿಪಿ ಇಳಿಯುವುದು. ತಾಯಿಯ ಬಿಪಿ ಕುಸಿದರೆ ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ತಾಯಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ನಿಮಿಷಕ್ಕೊಮ್ಮೆ ಎಂಬಂತೆ ಬಿಪಿ ನೋಡುವುದು, ಇಳಿದರೆ ಫಿನೈಲೆಫ್ರಿನ್‌ನಂಥ ಮದ್ದು ಕೊಡುವುದು. ಬೆನ್ನಿನ ಸೂಜಿಯಿಂದ ಕೂಸಿಗೆ ತೊಂದರೆ ಆಗುವುದಿದ್ದರೆ ಹೆಚ್ಚಾಗಿ ಈ ದಾರಿಯಿಂದ. ಅದರಲ್ಲಿ ಅಫೀಮಿನ ಪಾತ್ರವಿಲ್ಲ.

ಹಾಗಿದ್ದರೆ ಆ ಫೆಂಟಾನಿಲ್ ಯಾಕೆ? ಬುಪಿವಕೈನ್ ಒಂದನ್ನೇ ಕೊಟ್ಟಾಗ ಚರ್ಮ ಕೊಯ್ದದ್ದು ಗೊತ್ತಾಗದಿದ್ದರೂ ಗರ್ಭಕೋಶವನ್ನು ಎಳೆದಾಡುವಾಗ ಒಳಗೆಲ್ಲ ಹಿಂಡಿದಂತೆ, ವಾಂತಿ ಬಂದಂತೆ ಅನ್ನಿಸುತ್ತದೆ. ಫೆಂಟಾನಿಲ್ ಅದನ್ನು ತಗ್ಗಿಸುತ್ತದೆ, ನಡುಕ ಕಡಿಮೆ ಮಾಡುತ್ತದೆ, ಆಪರೇಷನ್ ಮುಗಿದ ಮೇಲೆ ಮೊದಲ ಎರಡು-ಮೂರು ತಾಸು ನೋವನ್ನು ಹಿಡಿದಿಡುತ್ತದೆ. ಬುಪಿವಕೈನನ್ನೂ ಕಡಿಮೆ ಕೊಡಬಹುದು, ಅದರಿಂದ ಬಿಪಿ ಇಳಿಯುವ ಭಯವೂ ಕಮ್ಮಿ. ಇದೇ ಮದ್ದನ್ನು ರಕ್ತನಾಳಕ್ಕೆ ಕೊಡುವುದಾದರೆ 50ರಿಂದ 100 ಮೈಕ್ರೊಗ್ರಾಂ ಬೇಕಾಗುತ್ತದೆ. ರಕ್ತಕ್ಕೆ ಬಿದ್ದ ಫೆಂಟಾನಿಲ್ ನಿಮಿಷಗಳಲ್ಲಿ ಮಾಸು ದಾಟಿ ಕೂಸಿಗೆ ತಲುಪುತ್ತದೆ. ಬೆನ್ನಿನ ದ್ರವಕ್ಕೆ ಬಿದ್ದ 20 ಮೈಕ್ರೊಗ್ರಾಂ ನರದ ಬಳಿಯಲ್ಲೇ ಕೆಲಸ ಮುಗಿಸಿ, ನಿಧಾನವಾಗಿ ರಕ್ತಕ್ಕೆ ಸೇರುವಾಗ ಲೆಕ್ಕಕ್ಕೇ ಬಾರದಷ್ಟಾಗಿರುತ್ತದೆ. ಈ ಪ್ರಮಾಣದಲ್ಲಿ ಕೂಸಿನ ಉಸಿರು, ಬಣ್ಣ, ಚಲನೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ ಎಂಬುದು ಲೋಕದ ಎಲ್ಲ ಕಡೆಯ ಅನುಭವ. ‘ಸೂಜಿ ಗುಂಗು’ ಎಂಬ ಮಾತಿನ ಸುಳ್ಳಾದ ಅರ್ಧ ಇದು.

ತಾಯಿಗೆ ಆಗುವ ತೊಂದರೆಗಳು ಬೇರೆ. ತುರಿಕೆ ಬಹಳ ಸಾಮಾನ್ಯ, ಅದರಲ್ಲೂ ಮೂಗು, ಮುಖ. ಫೆಂಟಾನಿಲ್ ಬದಲು ಮಾರ್ಫಿನ್ ಕೊಟ್ಟಿದ್ದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ತುರಿಕೆ ಬರುತ್ತದೆ. ಮನೆಯವರು ಅದನ್ನು ಪಿತ್ತದ ಗಂಧೆ ಎಂದೋ, ಮದ್ದು ಒಗ್ಗಲಿಲ್ಲ ಎಂದೋ ತಿಳಿದು ಗಾಬರಿಯಾಗುತ್ತಾರೆ. ಒಪಿಯಾಯ್ಡ್ ನೇರವಾಗಿ ನರದ ಮೇಲೆ ಮಾಡುವ ಕೆಲಸ ಅದು, ತಾನಾಗಿ ಇಳಿಯುತ್ತದೆ. ವಾಕರಿಕೆ, ಮೂತ್ರ ಕಟ್ಟುವುದು ಇವೂ ಇವೆ. ಮಾರ್ಫಿನ್ನಿನ ಲಾಭ ದೊಡ್ಡದು: ಬೆನ್ನಿಗೆ ಕೊಟ್ಟ 100 ಮೈಕ್ರೊಗ್ರಾಂ ಆಸುಪಾಸಿನ ಮಾರ್ಫಿನ್ 12ರಿಂದ 24 ತಾಸು ನೋವು ತಡೆಯುತ್ತದೆ. ಆದರೆ ಅದು ಬೆನ್ನಿನ ದ್ರವದಲ್ಲಿ ಮೆಲ್ಲಗೆ ಮೇಲೇರಿ, ಹಲವು ತಾಸಿನ ನಂತರ ಮಿದುಳಿನ ಉಸಿರಾಟದ ಕೇಂದ್ರವನ್ನು ಮುಟ್ಟಬಹುದು. ತೀರ ಅಪರೂಪ, ಆದರೂ ಆ ರಾತ್ರಿ ಯಾರಾದರೂ ಉಸಿರು ಎಣಿಸಬೇಕು. ಆರೋಗ್ಯವಂತ ಬಾಣಂತಿಗೆ ಕಡಿಮೆ ಪ್ರಮಾಣದ ಮಾರ್ಫಿನ್ ಕೊಟ್ಟಾಗ 12 ತಾಸು, ಎರಡು ತಾಸಿಗೊಮ್ಮೆ ಉಸಿರು ಮತ್ತು ಎಚ್ಚರ ನೋಡಬೇಕೆಂದು ಹೆರಿಗೆ ಅರಿವಳಿಕೆ ತಜ್ಞರ ಅಮೆರಿಕದ ಸಂಘ 2019ರಲ್ಲಿ ಹೇಳಿತು. ಒಬ್ಬ ಸಿಸ್ಟರ್ ಮೂವತ್ತು ಬಾಣಂತಿಯರನ್ನು ನೋಡಿಕೊಳ್ಳುವ ವಾರ್ಡಿನಲ್ಲಿ ಇದು ಹೇಗೆ ನಡೆದೀತು ಎಂಬ ಪ್ರಶ್ನೆಗೆ ಆ ಕಾಗದದಲ್ಲಿ ಉತ್ತರವಿಲ್ಲ.

ಉಸಿರು ಎಣಿಸುವ ಮಾತು ಬಂತು. ಇಲ್ಲಿ ನಮ್ಮದೇ ಪ್ರಾಂತ್ಯದ ಒಂದು ಹಳೆಯ ಕಥೆ ಇದೆ. ಬೀದರ್ ನಿಜಾಮರ ರಾಜ್ಯದಲ್ಲಿದ್ದ ಕಾಲ. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಕೊಟ್ಟವರು ಯಾಕೆ ಸಾಯುತ್ತಾರೆ ಎಂದು ತಿಳಿಯಲು 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಆಯೋಗ ನಡೆಸಿದರು. ದುಡ್ಡು ಆರನೇ ನಿಜಾಮ ಮೆಹಬೂಬ್ ಅಲಿ ಖಾನರದು. ಎರಡನೆಯದಕ್ಕೆ ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್‌ರನ್ನು ಕರೆಸಲು ಅವರು ಸಾವಿರ ಪೌಂಡು ಕೊಟ್ಟರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಆಯೋಗ ಹೇಳಿದ್ದು, ಮೊದಲು ನಿಲ್ಲುವುದು ಉಸಿರು, ಹೃದಯ ಆಮೇಲೆ, ಆದ್ದರಿಂದ ಉಸಿರಿನ ಮೇಲೆ ಕಣ್ಣಿಡಿ ಎಂದು. ಕ್ಲೋರೋಫಾರ್ಮಿನ ವಿಷಯದಲ್ಲಿ ಆ ತೀರ್ಮಾನ ಪೂರ್ತಿ ಸರಿಯಲ್ಲವೆಂದು ಮುಂದೆ ಗೊತ್ತಾಯಿತು, ಅದು ಹೃದಯವನ್ನೇ ನೇರವಾಗಿ ಕೆಡಿಸಬಲ್ಲದು. ಒಪಿಯಾಯ್ಡ್ ವಿಷಯಕ್ಕೆ ಮಾತ್ರ ಹೈದರಾಬಾದಿನ ಬುದ್ಧಿಮಾತು ಅಕ್ಷರಶಃ ಹೊಂದುತ್ತದೆ. ಅದೇ ಊರಿನ ಮೆಡಿಕಲ್ ಶಾಲೆಯಲ್ಲಿ ಲಾರಿಯವರ ಕೈಕೆಳಗೆ ಕಲಿತ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಭಾರತದ ಮೊದಲ ಅರಿವಳಿಕೆ ವೈದ್ಯೆ ಎನ್ನುತ್ತಾರೆ. ಬೀದರಿನ ಶಾಲೆಗಳಲ್ಲಿ ಈ ಹೆಸರು ಹೇಳುವವರು ಯಾರಾದರೂ ಇದ್ದಾರೆಯೇ?

ಹೆರಿಗೆಗೆ ಒಪಿಯಾಯ್ಡ್ ಬಳಸಿ ಕೈ ಸುಟ್ಟುಕೊಂಡವರು ಯುರೋಪಿನವರು. 1906ರ ಹೊತ್ತಿಗೆ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಮಾರ್ಫಿನ್ ಮತ್ತು ಸ್ಕೊಪೊಲಮಿನ್ ಸೇರಿಸಿ ‘ಮುಸ್ಸಂಜೆ ನಿದ್ದೆ’ ಎಂಬ ಪದ್ಧತಿ ಶುರುವಾಯಿತು. ತಾಯಿಗೆ ನೋವಿನ ನೆನಪೇ ಉಳಿಯುತ್ತಿರಲಿಲ್ಲ. ಅಮೆರಿಕದ ಸಿರಿವಂತ ಹೆಂಗಸರು ಅದಕ್ಕಾಗಿ ಚಳವಳಿಯನ್ನೇ ಮಾಡಿದರು. ಆದರೆ ಕೂಸುಗಳು ಮಂಪರಿನಲ್ಲೇ ಹುಟ್ಟುತ್ತಿದ್ದವು, ಕೆಲವು ಅಳುತ್ತಲೇ ಇರಲಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ವರ್ಜೀನಿಯಾ ಆಪ್ಗಾರ್ ಹುಟ್ಟಿದ ಒಂದು ನಿಮಿಷಕ್ಕೆ ಕೂಸಿನ ಬಣ್ಣ, ನಾಡಿ, ಪ್ರತಿಕ್ರಿಯೆ, ಕೈಕಾಲ ಬಿಗಿ, ಉಸಿರು ನೋಡಿ ಅಂಕ ಕೊಡುವ ಪದ್ಧತಿ ತಂದರು. 1953ರಲ್ಲಿ ಅದು ಅಚ್ಚಾಯಿತು. ಆಪ್ಗಾರ್ ಮಕ್ಕಳ ವೈದ್ಯೆ ಎಂದು ಅನೇಕರು ಅಂದುಕೊಂಡಿದ್ದಾರೆ. ಅವರು ಅರಿವಳಿಕೆ ವೈದ್ಯೆ. ತಾಯಿಗೆ ಕೊಟ್ಟ ಮದ್ದು ಕೂಸಿಗೆ ಏನು ಮಾಡಿತು ಎಂದು ಅಳೆಯುವುದು ಅವರ ಆಸಕ್ತಿಗಳಲ್ಲೊಂದಾಗಿತ್ತು. ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜು ಬ್ರಿಮ್ಸ್‌ನಲ್ಲಾಗಲಿ, ಭಾಲ್ಕಿ, ಔರಾದಿನ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ಇವತ್ತು ಹುಟ್ಟುವ ಕೂಸಿನ ಹಾಳೆಯಲ್ಲಿ ಬರೆಯುವುದು ಅದೇ ಅಂಕ.

ಬೆನ್ನಿನ ಸೂಜಿ ಎಲ್ಲರಿಗೂ ಆಗದು. ಫಿಟ್ಸ್ ಬಂದವರು, ಪ್ಲೇಟ್‌ಲೆಟ್ ಕುಸಿದವರು, ರಕ್ತ ಸೋರಿ ಬಿಪಿ ಸಿಗದವರಿಗೆ ಪೂರ್ತಿ ಅರಿವಳಿಕೆ ಕೊಡಬೇಕಾಗುತ್ತದೆ. ಅಲ್ಲಿ ರೂಢಿಯ ನಿಯಮ ಸರಳ: ಕೂಸು ಹೊರಬಂದು ಹೊಕ್ಕುಳಬಳ್ಳಿಗೆ ಕ್ಲಿಪ್ ಬೀಳುವ ತನಕ ಒಪಿಯಾಯ್ಡ್ ಕೊಡುವುದಿಲ್ಲ, ಆಮೇಲೆ ತಾಯಿಗೆ ಬೇಕಾದಷ್ಟು. ಬಿಪಿ ಮಿತಿಮೀರಿದ ತಾಯಿಗೆ, ಗಂಟಲಿಗೆ ಕೊಳವೆ ಹಾಕುವಾಗ ಅದು ಇನ್ನೂ ಏರಿ ಮಿದುಳಿನಲ್ಲಿ ರಕ್ತಸ್ರಾವ ಆಗದಿರಲೆಂದು, ಕೆಲವೊಮ್ಮೆ ಮೊದಲೇ ಕೊಡಬೇಕಾಗುತ್ತದೆ. ಆಗ ಮಕ್ಕಳ ವೈದ್ಯರಿಗೆ ‘ಕೊಟ್ಟಿದ್ದೇನೆ, ಸಿದ್ಧವಾಗಿರಿ’ ಎಂದು ಹೇಳುವುದು ಅರಿವಳಿಕೆ ವೈದ್ಯರ ಕರ್ತವ್ಯ. ಕೂಸು ಉಸಿರೆಳೆಯದಿದ್ದರೆ ಮೊದಲು ಮಾಡಬೇಕಾದದ್ದು ಬ್ಯಾಗು ಮತ್ತು ಮಾಸ್ಕಿನಿಂದ ಉಸಿರು ಕೊಡುವುದು. ಒಪಿಯಾಯ್ಡಿಗೆ ಪ್ರತಿಮದ್ದು ನಲೋಕ್ಸೋನ್ ಇದೆ. ಆದರೆ ಈಗಿನ ಪಾಠದಲ್ಲಿ ಅದಕ್ಕೆ ಮೊದಲ ಜಾಗವಿಲ್ಲ, ಗಾಳಿಗೆ ಮೊದಲ ಜಾಗ.

ಇನ್ನು ‘ಸೂಜಿ ಗುಂಗು’ ಎಂಬ ಮಾತಿನ ನಿಜವಾದ ಅರ್ಧ.

ಸಿಜೇರಿಯನ್ ಕೋಣೆಗೆ ಬರುವ ಮುಂಚೆ ಎಷ್ಟೋ ಮಂದಿ ತಾಸುಗಟ್ಟಲೆ ಬ್ಯಾನಿ ತಿಂದಿರುತ್ತಾರೆ. ಆಗ ತೊಡೆಗೋ ಪಿರ್ರೆಗೋ ಒಂದು ನೋವಿನ ಇಂಜೆಕ್ಷನ್ ಬಿದ್ದಿರಬಹುದು: ಪೆಥಿಡಿನ್, ಟ್ರಾಮಡಾಲ್, ಇಲ್ಲವೇ ಫೆನರ್ಗಾನ್ ಜೊತೆಗೆ ಫೋರ್ಟ್‌ವಿನ್. ನಮ್ಮ ಕಡೆ ‘ನೋವಿನ ಇಂಜೆಕ್ಷನ್’ ಎಂದರೆ ನೋವು ಬರಿಸುವ ಆಕ್ಸಿಟೋಸಿನ್ನೂ ಆಗಬಹುದು, ನೋವು ಇಳಿಸುವ ಮದ್ದೂ ಆಗಬಹುದು. ಯಾವುದು ಎಂದು ಕೇಳಿದರೆ ಮನೆಯವರು ಹೇಳಲಾರರು. ಇವು ಮೈಕ್ರೊಗ್ರಾಂ ಲೆಕ್ಕದವಲ್ಲ, ಪೆಥಿಡಿನ್ ಆದರೆ 50ರಿಂದ 100 ಮಿಲಿಗ್ರಾಂ. ಹೋಗುವುದು ನೇರ ರಕ್ತಕ್ಕೆ, ರಕ್ತದಿಂದ ಮಾಸಿಗೆ, ಮಾಸಿನಿಂದ ಕೂಸಿಗೆ. ಪೆಥಿಡಿನ್ ಕೊಟ್ಟ ಒಂದು ತಾಸಿನೊಳಗೆ ಕೂಸು ಹುಟ್ಟಿದರೆ ಅಷ್ಟು ತೊಂದರೆಯಿಲ್ಲ, ಮದ್ದು ಇನ್ನೂ ಅದಕ್ಕೆ ತುಂಬಿರುವುದಿಲ್ಲ. ಎರಡರಿಂದ ಮೂರು ತಾಸಿನ ನಡುವೆ ಹುಟ್ಟಿದರೆ ಕೂಸಿನ ಮಂಪರು ಗರಿಷ್ಠ. ಪೆಥಿಡಿನ್ ಒಡೆದು ಉಂಟಾಗುವ ಇನ್ನೊಂದು ವಸ್ತುವಂತೂ ಹಸುಗೂಸಿನ ಮೈಯಲ್ಲಿ ಅರ್ಧಕ್ಕೆ ಇಳಿಯಲು ಎರಡು ದಿನಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. ಅಂಥ ಕೂಸು ಉಸಿರಾಡುತ್ತಿರುತ್ತದೆ, ಆದರೆ ಮೊಲೆಗೆ ಬಾಯಿ ಹಚ್ಚಿದರೆ ಚೀಪದೆ ನಿದ್ದೆ ಹೋಗುತ್ತದೆ. ಅತ್ತೆಯಂದಿರ ‘ಮಲಿ ಹಿಡೀವಲ್ದು’ ಎಂಬ ಮಾತು ಇಲ್ಲಿ ಸುಳ್ಳಲ್ಲ. ಸೂಜಿ ಹೌದು, ಬೆನ್ನಿನದಲ್ಲ.

ಈಗ ಔರಾದಿನ ರಸ್ತೆಯನ್ನು ಈ ಲೆಕ್ಕಕ್ಕೆ ಸೇರಿಸಿ. ಔರಾದ್ ಬೀದರಿನಿಂದ 45 ಕಿ.ಮೀ. ಆಸುಪಾಸು, ಭಾಲ್ಕಿ 40. ಗಡಿಯ ಹಳ್ಳಿ, ತಾಂಡಾಗಳಿಂದ ಮೊದಲು ತಾಲ್ಲೂಕಿಗೆ ಬರಬೇಕು. ರಾತ್ರಿ ಹತ್ತಕ್ಕೆ ಗರ್ಭಿಣಿಗೆ ಒಂದು ನೋವಿನ ಇಂಜೆಕ್ಷನ್ ಕೊಟ್ಟರು ಎಂದಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿಗೆ ಕೂಸಿನ ಎದೆಬಡಿತ ಏರುಪೇರಾಗಿ ‘ಬೀದರಿಗೆ ಒಯ್ಯಿರಿ’ ಎಂದರು. 108 ಆಂಬುಲೆನ್ಸ್ ಬರಬೇಕು, ಸಂತಪೂರ ದಾಟಿ ಬೀದರ್ ಮುಟ್ಟಬೇಕು, ಅಲ್ಲಿ ಮತ್ತೆ ಪರೀಕ್ಷೆ, ರಕ್ತದ ಗುಂಪು, ಸಹಿ, ಟೇಬಲ್ಲು. ಕೂಸು ಹೊರಬರುವಾಗ ಹನ್ನೆರಡೂವರೆ. ಅಂದರೆ ಹತ್ತರ ಇಂಜೆಕ್ಷನ್ ಕೂಸಿನ ಮೈಯಲ್ಲಿ ಹೆಚ್ಚಿನ ಮಟ್ಟಕ್ಕೆ ಏರಿರುವ ಹೊತ್ತಿಗೇ ಸರಿಯಾಗಿ. ಭಾಲ್ಕಿಯಿಂದ ಹಲಬರ್ಗಾ ಮೇಲೆ ಬಂದರೂ ಲೆಕ್ಕ ಹೆಚ್ಚು ಬದಲಾಗದು. ಬಿಪಿ ಏರಿದವಳಿಗೆ ಹೊರಡುವ ಮುಂಚೆ ಮೆಗ್ನೀಸಿಯಂ ಸಲ್ಫೇಟ್ ಕೂಡ ಕೊಟ್ಟಿರುತ್ತಾರೆ. ಕೊಡಲೇಬೇಕು, ಅದು ತಾಯಿಯ ಜೀವ ಉಳಿಸುವ ಮದ್ದು, ಆದರೆ ಅದೂ ಕೂಸನ್ನು ಸಡಿಲಗೊಳಿಸಬಲ್ಲದು. ಬೀದರಿನಲ್ಲಿ ಕೂಸನ್ನು ಕೈಗೆ ತೆಗೆದುಕೊಳ್ಳುವ ವೈದ್ಯರಿಗೆ ಇದೆಲ್ಲ ಗೊತ್ತಿರಬೇಡವೇ?

ಗೊತ್ತಾಗುವುದು ಹೇಗೆ? ರೆಫರಲ್ ಚೀಟಿಯಿಂದ. ಯಾವ ಊರಿನ ದವಾಖಾನೆ ಎಂದು ಹೇಳುವುದು ಬೇಡ, ಅವಸರದಲ್ಲಿ ಬರೆದ ಚೀಟಿ ಎಲ್ಲ ಕಡೆ ಒಂದೇ ಥರ ಇರುತ್ತದೆ: ಹೆಸರು, ವಯಸ್ಸು, ಎಷ್ಟನೇ ಬಸುರು, ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಒಂದು ಸಾಲು. ಯಾವ ಇಂಜೆಕ್ಷನ್, ಎಷ್ಟು, ಎಷ್ಟು ಗಂಟೆಗೆ ಎಂಬ ಜಾಗ ಖಾಲಿ. ಔರಾದಿನ ಗಡಿ ಹಳ್ಳಿಗಳವರು ಉದಗೀರಿಗೋ ದೇಗಲೂರಿಗೋ ಹೋಗುವುದೂ ಉಂಟು. ಆಗ ರಾಜ್ಯವೇ ಬದಲಾಗುತ್ತದೆ, ಕನ್ನಡದಲ್ಲಿ ಗೀಚಿದ ಚೀಟಿಯನ್ನು ಮರಾಠಿ ಓದುವವರು ಬಿಡಿಸಬೇಕು. ನನ್ನ ಪ್ರಕಾರ ಬೆನ್ನಿನ ಸೂಜಿಯ ಹತ್ತು ಹೆದರಿಕೆಗಳಿಗಿಂತ ಈ ಒಂದು ಖಾಲಿ ಜಾಗ ಹೆಚ್ಚು ಚಿಂತೆಯ ವಿಷಯ.

ಸಿಜೇರಿಯನ್ ಆದ ಕೂಸಿನ ಉಸಿರಿನ ಎಲ್ಲ ತೊಂದರೆಯನ್ನೂ ಮದ್ದಿನ ತಲೆಗೆ ಕಟ್ಟುವುದೂ ತಪ್ಪು. ಹೊಟ್ಟೆಯೊಳಗಿರುವಾಗ ಕೂಸಿನ ಪುಪ್ಪುಸದಲ್ಲಿ ನೀರು ತುಂಬಿರುತ್ತದೆ. ಹೆರಿಗೆ ಬ್ಯಾನಿ ಶುರುವಾದಾಗ ಏರುವ ಹಾರ್ಮೋನುಗಳು ಆ ನೀರನ್ನು ಹೀರಿಸುತ್ತವೆ. ಬ್ಯಾನಿಯೇ ಬರದೆ, ದಿನ ನಿಗದಿ ಮಾಡಿ ಕೊಯ್ದು ತೆಗೆದ ಕೂಸಿನ ಪುಪ್ಪುಸದಲ್ಲಿ ನೀರು ಉಳಿದು, ಮೊದಲ ಒಂದೆರಡು ದಿನ ಅದು ಬಡಬಡ ಉಸಿರಾಡಬಹುದು. 39 ವಾರಕ್ಕೆ ಮೊದಲು ತೆಗೆದರೆ ಇದು ಇನ್ನೂ ಹೆಚ್ಚು. ಒಪಿಯಾಯ್ಡಿನ ಕೂಸು ನಿಧಾನವಾಗಿ ಉಸಿರಾಡುತ್ತದೆ, ಇದು ವೇಗವಾಗಿ. ಎರಡನ್ನೂ ‘ಸೂಜಿ ಪ್ರಭಾವ’ ಎಂದು ಒಂದೇ ಗಂಟಿಗೆ ಹಾಕುತ್ತೇವೆ. ಪಂಚಾಂಗ ನೋಡಿ, ಒಳ್ಳೆ ನಕ್ಷತ್ರ ಹುಡುಕಿ 37ನೇ ವಾರಕ್ಕೇ ಹೊಟ್ಟೆ ಕೊಯ್ಯಿಸುವವರು ಈಗ ತಾಲ್ಲೂಕು ಊರುಗಳಲ್ಲೂ ಇದ್ದಾರೆ. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಾಗ ಅವರು ಬೈಯುವುದು ಅರಿವಳಿಕೆ ಡಾಕ್ಟರನ್ನು, ಮುಹೂರ್ತ ಇಟ್ಟವರನ್ನಲ್ಲ.

ಆಪರೇಷನ್ ಆದ ಮೇಲಿನ ನೋವಿನ ವಿಷಯದಲ್ಲಿ ನಮ್ಮದು ವಿಚಿತ್ರ ಕಟುಮನಸ್ಸು. ‘ನಾವೆಲ್ಲ ತಡ್ಕೊಂಡಿಲ್ಲೇನು’ ಎಂಬ ಮಾತು ಮನೆಯವರಿಂದಲೂ ಬರುತ್ತದೆ, ಸಿಬ್ಬಂದಿಯಿಂದಲೂ ಬರುತ್ತದೆ. ‘ನೋವಿನ ಮದ್ದು ಹಾಲಿಗೆ ಇಳಿಯುತ್ತದೆ’ ಎಂದು ಹೆದರಿ ಬಾಣಂತಿಯೇ ಬೇಡ ಎನ್ನುವುದೂ ಇದೆ. ಆಗುವುದು ಉಲ್ಟಾ. ಹೊಟ್ಟೆಯ ಹೊಲಿಗೆ ನೋಯುತ್ತಿರುವವಳು ಮಗ್ಗುಲಾಗಲಾರಳು, ಕೂಸನ್ನು ಎತ್ತಿಕೊಳ್ಳಲಾರಳು. ನೋವೇ ಹಾಲು ಇಳಿಸುವ ಆಕ್ಸಿಟೋಸಿನ್ನನ್ನು ತಡೆಯುತ್ತದೆ. ಸಿಜೇರಿಯನ್ ಆದವರಿಗೆ ಹಾಲು ತುಂಬುವುದು ಹೇಗೂ ತುಸು ತಡ. ಆ ತಡದಲ್ಲಿ ಜೇನು, ಸಕ್ಕರೆ ನೀರು, ಘುಟ್ಟಿ ಒಳಗೆ ನುಸುಳುತ್ತವೆ. ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕಂಡ ಮಕ್ಕಳು ದೇಶದಲ್ಲಿ ಶೇ 41.8 ಮಾತ್ರ ಎಂದು ಅದೇ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬೆನ್ನಿನ ಸೂಜಿಯ ದೊಡ್ಡ ಲಾಭ ಇಲ್ಲಿದೆ: ತಾಯಿ ಎಚ್ಚರವಿರುತ್ತಾಳೆ, ಹೊಲಿಗೆ ಹಾಕುತ್ತಿರುವಾಗಲೇ ಕೂಸನ್ನು ಅವಳ ಎದೆಯ ಮೇಲೆ ಇಡಬಹುದು. ಪ್ಯಾರಸಿಟಮಾಲ್, ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಅನ್ನು ನೋವು ಬರಲಿ ಎಂದು ಕಾಯದೆ ಗಂಟೆ ಹಿಡಿದು ಕೊಟ್ಟರೆ ಹೆಚ್ಚಿನ ನೋವು ಹತೋಟಿಗೆ ಬರುತ್ತದೆ, ಹಾಲಿಗೆ ಇಳಿಯುವುದು ನಗಣ್ಯ. ಟ್ರಾಮಡಾಲ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆಲವರ ಯಕೃತ್ತು ಅದನ್ನು ಬಹಳ ಬೇಗ ಬಲವಾದ ರೂಪಕ್ಕೆ ತಿರುಗಿಸುತ್ತದೆ. ಹಾಲೂಡಿಸುವ ತಾಯಂದಿರು ಕೊಡೀನ್, ಟ್ರಾಮಡಾಲ್ ತೆಗೆದುಕೊಳ್ಳಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು. ನಮ್ಮಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಕೊಡುವ ಚೀಟಿಯಲ್ಲಿ ಆ ಗುಳಿಗೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಅಮೆರಿಕದ್ದು ಇನ್ನೊಂದು ಅತಿ. ಅಲ್ಲಿ ಸಿಜೇರಿಯನ್ ಆದವರಿಗೆ ಮನೆಗೆ ಹೋಗುವಾಗ ಡಜನ್‌ಗಟ್ಟಲೆ ಆಕ್ಸಿಕೊಡೋನ್ ಗುಳಿಗೆ ಬರೆದುಕೊಟ್ಟು, ಹಿಂದೆಂದೂ ಒಪಿಯಾಯ್ಡ್ ಮುಟ್ಟದ 300 ತಾಯಂದಿರಲ್ಲಿ ಒಬ್ಬರು ಅದನ್ನು ಮುಂದೆಯೂ ಬಿಡದಂತಾದರು ಎಂದು 2016ರ ಅಧ್ಯಯನವೊಂದು ತೋರಿಸಿತು. ನಮ್ಮ ಕಷ್ಟ ಅದರ ತದ್ವಿರುದ್ಧ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆದು, ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸಿ ಹೊರದೇಶಕ್ಕೂ ಕಳಿಸುವ ದೇಶ ನಮ್ಮದು. ಚಿಕ್ಕ ಊರಿನ ಆಪರೇಷನ್ ಕೋಣೆಗೆ ಮಾತ್ರ ಮಾರ್ಫಿನ್ ಸಿಗುವುದು ಕಷ್ಟ. 1985ರ ಮಾದಕ ವಸ್ತು ಕಾಯ್ದೆಯ ಬಿಗಿ ಹಾಗಿತ್ತು. 2014ರಲ್ಲಿ ತಿದ್ದುಪಡಿಯಾಗಿ, ಮರುವರ್ಷ ನಿಯಮಗಳು ಬಂದು, ಮಾರ್ಫಿನ್, ಫೆಂಟಾನಿಲ್ ಸೇರಿ ಆರು ಮದ್ದುಗಳನ್ನು ಮಾನ್ಯತೆ ಪಡೆದ ಆಸ್ಪತ್ರೆ ರಾಜ್ಯ ಔಷಧ ನಿಯಂತ್ರಕರ ಒಂದೇ ಅನುಮತಿಯಲ್ಲಿ ಇಟ್ಟುಕೊಳ್ಳಬಹುದು. ಬೀಗದ ಕಪಾಟು, ದಿನದ ಲೆಕ್ಕ, ವರ್ಷದ ಅಂದಾಜು, ಇಷ್ಟು ಮಾಡಬೇಕು. ಆ ಕಾಗದಪತ್ರದ ಗೋಜು ಬೇಡವೆಂದು ಮದ್ದನ್ನೇ ಇಡದಿರುವವರು ಉಂಟು. ಅದರ ಬೆಲೆ ತೆರುವವಳು ಬಾಣಂತಿ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು, ಒಟ್ಟು ಐವರು ತೀರಿಕೊಂಡ ಮೇಲೆ ರಾಜ್ಯದ ಹೆರಿಗೆ ವಾರ್ಡುಗಳಲ್ಲೆಲ್ಲ ಭಯ ಕೂತಿತು. ಅಲ್ಲಿ ಅನುಮಾನ ಬಿದ್ದದ್ದು ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ, ಅರಿವಳಿಕೆಯ ಮೇಲಲ್ಲ. ಬೀದರ್ ತನಕ ಬರುವಷ್ಟರಲ್ಲಿ ಆ ಸುದ್ದಿ ‘ಆಪರೇಷನ್ ಇಂಜೆಕ್ಷನ್ನಿಂದ ಸತ್ರಂತ’ ಎಂದಾಗಿದ್ದರೆ ಆಶ್ಚರ್ಯವಿಲ್ಲ. ಬಾಗಿಲ ಹೊರಗೆ ನಿಂತವರಿಗೆ ಯಾರೂ ಏನೂ ಹೇಳದಿದ್ದರೆ ಅವರು ತಾವೇ ಒಂದು ಅರ್ಥ ಕಟ್ಟಿಕೊಳ್ಳುತ್ತಾರೆ.

ಅರಿವಳಿಕೆ ತಜ್ಞರ ಕೊರತೆ ಹಳೆಯದು. ಅದಕ್ಕೆಂದೇ ಕೇಂದ್ರ ಸರ್ಕಾರ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ತರಬೇತಿ ನಡೆಸುತ್ತ ಬಂದಿದೆ. 2017ರ ‘ಲಕ್ಷ್ಯ’ ಯೋಜನೆ ಹೆರಿಗೆ ಕೋಣೆ, ಸಿಜೇರಿಯನ್ ಕೋಣೆಗಳ ಗುಣಮಟ್ಟಕ್ಕೆ ಅಂಕ ಕೊಡುತ್ತದೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಸಿಜೇರಿಯನ್, ಮದ್ದು, ರಕ್ತ, ವಾಹನ ಎಲ್ಲ ಉಚಿತ. ಭಾಲ್ಕಿ, ಔರಾದಿನಂಥ ಊರಿನಲ್ಲಿ ರಾತ್ರಿ ಎರಡು ಗಂಟೆಗೂ ಬೆನ್ನಿಗೆ ಸೂಜಿ ಹಾಕಬಲ್ಲ ಕೈ ಇದ್ದರೆ ಮೇಲೆ ಹೇಳಿದ ರಸ್ತೆಯ ಲೆಕ್ಕವೇ ಬೇಕಾಗುವುದಿಲ್ಲ. ಬೀದರ್ ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ದಾಟಿದೆ. ಕಟ್ಟಡಗಳು ಎದ್ದಿವೆ, ಅವುಗಳೊಳಗೆ ರಾತ್ರಿ ಎದ್ದಿರುವವರ ಲೆಕ್ಕ ಯಾರಾದರೂ ಕೇಳಬೇಕು.

ಆ ದಿನ ಬರುವ ತನಕ ಒಂದು ಕೆಲಸಕ್ಕೆ ದುಡ್ಡೂ ಬೇಡ, ಆದೇಶವೂ ಬೇಡ. ಗರ್ಭಿಣಿಗೆ ಯಾವುದೇ ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಕಳಿಸುವ ವೈದ್ಯರು, ಸಿಸ್ಟರುಗಳು ಮದ್ದಿನ ಹೆಸರು, ಪ್ರಮಾಣ, ಕೊಟ್ಟ ಗಂಟೆ ಈ ಮೂರನ್ನು ರೆಫರಲ್ ಚೀಟಿಯಲ್ಲೂ ತಾಯಿ ಕಾರ್ಡಿನಲ್ಲೂ ದಪ್ಪ ಅಕ್ಷರದಲ್ಲಿ ಬರೆಯಲಿ. ಜೊತೆಗೆ ಹೋಗುವ ಆಶಾ ಕಾರ್ಯಕರ್ತೆಯರೇ, ತವರಿನವರೇ, ಗಾಡಿ ಹತ್ತುವ ಮುಂಚೆ ‘ಯಾವ ಇಂಜೆಕ್ಷನ್ರಿ, ಎಷ್ಟ್ ಗಂಟಿಗಿ ಕೊಟ್ರಿ? ಚೀಟ್ಯಾಗ ಬರ್ದು ಕೊಡ್ರಿ’ ಎಂದು ಕೇಳಿ. ಬರೆದುಕೊಡದಿದ್ದರೆ ಖಾಲಿ ಆಂಪ್ಯೂಲಿನ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋಗಿ, ಬೀದರಿನಲ್ಲಿ ಕೂಸನ್ನು ನೋಡುವ ಡಾಕ್ಟರಿಗೆ ಅದನ್ನು ತೋರಿಸಿ.